ಹಳೆ ಷೆವರ್ಲೆಯ ವಯಸ್ಸೆಷ್ಟು?

ಅಮೆರಿಕದ ಹಳೆ ಷೆವರ್ಲೆ ಪಿಕಪ್ ಒಂದರ ಇಸವಿ ಹೇಳಬೇಕಾದವರು ಎಂಜಿನ್ ನೋಡುವ ಮೊದಲು ಬಾಗಿಲು ನೋಡುತ್ತಾರೆ. ಗಾಜಿನ ಮುಂತುದಿಯಲ್ಲಿ ಗಾಳಿಗೆಂದು ತಿರುಗಿಸಿ ತೆರೆಯುವ ಪುಟ್ಟ ತ್ರಿಕೋನ ಕಿಟಕಿ ಇದ್ದರೆ ಆ ಬಾಗಿಲು 1951ರದ್ದು ಅಥವಾ ಆಮೇಲಿನದು. ಹೊರಗಿನ ಹಿಡಿಯನ್ನು ಕೆಳಕ್ಕೆ ತಿರುಗಿಸುವ ಬದಲು ಗುಂಡಿ ಒತ್ತಬೇಕಿದ್ದರೆ ಇನ್ನೂ ಸ್ವಲ್ಪ ಈಚಿನದು, 1952ರ ಆಸುಪಾಸು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಸದಾಗಿ ರೂಪಿಸಿದ 'ಅಡ್ವಾನ್ಸ್ ಡಿಸೈನ್' ಸರಣಿ ಇದು. 1947ರ ಬೇಸಿಗೆಯಲ್ಲಿ ಬಂದು 1955ರ ಆರಂಭದವರೆಗೆ ತಯಾರಾಯಿತು. ದುಂಡು ಮೂತಿ, ಐದು ಅಡ್ಡಪಟ್ಟಿಗಳ ಗ್ರಿಲ್. ದೂರದಿಂದ ಎಲ್ಲವೂ ಒಂದೇ ಥರ. 1948ರಲ್ಲಿ ಗೇರ್ ಕಡ್ಡಿ ನೆಲದಿಂದ ಸ್ಟೀರಿಂಗ್ ಪಕ್ಕಕ್ಕೆ ಏರಿತು. 1949ರಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನೊಳಗೆ, ಡ್ರೈವರ್ ಬೆನ್ನ ಹಿಂದೆಯೇ ಬಂದು ಕೂತಿತು. ಇಂದು ಹಾಗೆ ಮಾಡಲು ಯಾರಿಗೂ ಧೈರ್ಯ ಬರಲಿಕ್ಕಿಲ್ಲ! 1954ರದ್ದು ಮಾತ್ರ ಮಕ್ಕಳೂ ಗುರುತಿಸುವಂಥದ್ದು: ಎರಡು ತುಂಡಿದ್ದ ಮುಂದಿನ ಗ್ಲಾಸು ಒಂದೇ ಬಾಗಿದ ಗ್ಲಾಸಾಯಿತು, ಗ್ರಿಲ್ಲೂ ಬದಲಾಯಿತು.

ತೊಡಕಿರುವುದು ಬಿಡಿಭಾಗಗಳಲ್ಲಿ. ಹೊಲ-ತೋಟಗಳಲ್ಲಿ ದುಡಿದ ಈ ಗಾಡಿಗಳಿಗೆ ಬಾಗಿಲು ಮುರಿದರೆ ಗುಜರಿಯಲ್ಲಿ ಸಿಕ್ಕ ಬೇರೆ ವರ್ಷದ ಬಾಗಿಲು ಕೂಡಿಸಿಬಿಡುತ್ತಿದ್ದರು. ಅದು ಸರಿಯಾಗಿ ಕೂರುತ್ತಿತ್ತು. ಕಾಗದಪತ್ರವನ್ನಾದರೂ ನಂಬೋಣವೆಂದರೆ, ಕೆಲವು ರಾಜ್ಯಗಳಲ್ಲಿ ಮಾರಾಟವಾದ ವರ್ಷವನ್ನೇ ಗಾಡಿಯ ವರ್ಷವೆಂದು ಬರೆಯುತ್ತಿದ್ದರು. ಡೀಲರ್ ಬಳಿ ಮಾರಾಟವಾಗದೆ ಉಳಿದ ಟ್ರಕ್ ಹೀಗೆ ಒಂದು ವರ್ಷ ಚಿಕ್ಕದಾಗುತ್ತಿತ್ತು.

ಹಾಗಾಗಿ ಕೊನೆಗೆ ಎಲ್ಲರೂ ಬಗ್ಗಿ ನೋಡುವುದು ಡ್ರೈವರ್ ಬಾಗಿಲ ಕಂಬಕ್ಕೆ ಬಡಿದಿರುವ ಪುಟ್ಟ ಲೋಹದ ಫಲಕವನ್ನು. ಅದರ ಮೇಲೆ 5, ಎಚ್, ಪಿ, ಡಿ ಎಂದಿದೆ ಎನ್ನಿ. 5 ಎಂದರೆ ಕಾನ್ಸಾಸ್ ಸಿಟಿ ಕಾರ್ಖಾನೆ. ಎಚ್ ಮತ್ತು ಪಿ ಸೇರಿದರೆ 1950ರ ಅರ್ಧ ಟನ್ ಪಿಕಪ್. ಡಿ ಎಂದರೆ ನಾಲ್ಕನೇ ತಿಂಗಳು, ಏಪ್ರಿಲ್. ಆಮೇಲಿನದು ಕ್ರಮಸಂಖ್ಯೆ. ಇನ್ನು ಎಂಜಿನ್ ಬ್ಲಾಕ್ ಎರಕ ಹೊಯ್ದ ದಿನ ಅದರ ಮೈಮೇಲೇ ಉಬ್ಬಿ ನಿಂತಿರುತ್ತದೆ: ತಿಂಗಳಿಗೊಂದು ಅಕ್ಷರ, ತಾರೀಖು, ಇಸವಿಯ ಕಡೆಯ ಅಂಕಿ. ಅಲ್ಲಿ 'ಸಿ 12 0' ಇದ್ದರೆ ಮಾರ್ಚ್ 12, 1950. ಮಾರ್ಚಿನಲ್ಲಿ ಎರಕವಾದ ಎಂಜಿನ್ ಏಪ್ರಿಲ್‌ನ ಗಾಡಿಗೆ ಕೂತಿದೆ. ಲೆಕ್ಕ ತಾಳೆಯಾಯಿತು, ಮೂಲ ಎಂಜಿನ್ನೇ ಇರಬೇಕು. ಕಡೆಯ ಅಂಕಿ 3 ಇದ್ದರೆ ನಡುವೆ ಯಾರೋ ಎಂಜಿನ್ ಬದಲಿಸಿದ್ದಾರೆ.

ಅಮೆರಿಕದಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಬಗೆಯ 17 ಅಕ್ಷರಾಂಕಿಗಳ ಸಂಖ್ಯೆ ಬಂದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದಿನವು ಕಂಪನಿಗೊಂದು ಲಿಪಿ.

ದುಃಖದ ಸಂಗತಿಯೆಂದರೆ, ಗಾಡಿಗೆ ಹೊಸ ಜೀವ ಕೊಡುವ ಭರದಲ್ಲೇ ಈ ಫಲಕಗಳು ಕಳೆದುಹೋಗುತ್ತವೆ. ತುಕ್ಕು ಉಜ್ಜುವಾಗ ಅಕ್ಷರ ಅಳಿಯುತ್ತದೆ, ಪೇಂಟಿಗೆಂದು ಬಿಚ್ಚಿಟ್ಟದ್ದು ಮರಳಿ ಸಿಗುವುದಿಲ್ಲ. ನಮ್ಮಲ್ಲೂ ಆರ್‌ಟಿಓ ಕೆಲಸಕ್ಕೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದವರಿಗೆ ಆ ಸಂಖ್ಯೆಯ ಬೆಲೆ ಗೊತ್ತು. ಮನೆಯ ಹಿತ್ತಲಲ್ಲಿ ಅಜ್ಜನ ಕಾಲದ ಜೀಪೋ ಲಾರಿಯೋ ನಿಂತಿದ್ದರೆ, ಪೇಂಟರ್ ಕೈಗೆ ಕೊಡುವ ಮುನ್ನ ಅದರ ಫಲಕದ ಫೋಟೋ ಒಂದನ್ನು ತೆಗೆದಿಡಿ.