ಎರಡು ಗಳಿಗೆಯ ಸಂನ್ಯಾಸ

ಬದುಕಿನ ಅರ್ಥವನ್ನು ಅರಸಿದವರೆಲ್ಲರೂ ಮನೆಮಾರುಗಳನ್ನು ತೊರೆದು ಹೊರಟವರಲ್ಲ. ಗದ್ದೆಯ ನೀರು, ಅಂಗಡಿಯ ಲೆಕ್ಕ, ಮಗಳ ಮದುವೆ, ಮುದುಕರ ಔಷಧ ಇವುಗಳ ನಡುವೆಯೇ ಇದ್ದು, ತಾವು ಮಾಡುತ್ತಿರುವುದೆಲ್ಲ ಯಾತಕ್ಕೆ ಎಂಬ ಪ್ರಶ್ನೆಯನ್ನು ಮನಸ್ಸಿನಿಂದ ಕಿತ್ತೊಗೆಯಲಾರದೆ ಬಾಳಿದವರೇ ಹೆಚ್ಚು; ಅಂಥವರಿಗೆ ಬೇಕಾದ ಏಕಾಂತವನ್ನು ದಿನಚರಿಯ ಒಳಗೇ ಹೇಗೆ ಒದಗಿಸಿಕೊಡಬಹುದೆಂಬುದನ್ನು ನಮ್ಮ ನಾಡಿನ ಮತಗಳು ತಮ್ಮ ತಮ್ಮ ರೀತಿಯಲ್ಲಿ ಆಲೋಚಿಸಿವೆ. ಸಂಧ್ಯಾವಂದನೆಯನ್ನೂ ಇಷ್ಟಲಿಂಗಪೂಜೆಯನ್ನೂ ಕಣ್ಣಾರೆ ಕಂಡು ಬಲ್ಲ ಓದುಗರಿಗೂ ಜೈನ ಶ್ರಾವಕರ ಸಾಮಾಯಿಕ, ಪ್ರತಿಕ್ರಮಣಗಳ ಪರಿಚಯ ಅಷ್ಟಾಗಿ ಇರಲಾರದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ ಕಂಬಗಳ ಕೆತ್ತನೆಯನ್ನು ಕೊಂಡಾಡುವವರು, ಶ್ರವಣಬೆಳಗೊಳದ ಬೆಟ್ಟವನ್ನು ಏದುಸಿರು ಬಿಡುತ್ತ ಹತ್ತಿ ಗೊಮ್ಮಟನ ಪಾದಕ್ಕೆ ಕೈಮುಗಿಯುವವರು, ಆ ಶಿಲ್ಪಗಳೆಲ್ಲ ಯಾವ ಅಭ್ಯಾಸದ ಆಸರೆಯಿಂದ ಎದ್ದು ನಿಂತವೆಂಬುದನ್ನು ವಿಚಾರಿಸುವುದು ಅಪರೂಪ.

ಜೈನಶಾಸ್ತ್ರಗಳು ಮುನಿಗಳಿಗೆ ಆರು ಆವಶ್ಯಕಗಳನ್ನು ವಿಧಿಸಿವೆ: ಸಾಮಾಯಿಕ, ಚತುರ್ವಿಂಶತಿಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ. ವಟ್ಟಕೇರಾಚಾರ್ಯರ ಮೂಲಾಚಾರವು ಇವುಗಳನ್ನು ವಿಸ್ತಾರವಾಗಿ ನಿರೂಪಿಸುವ ದಿಗಂಬರ ಸಂಪ್ರದಾಯದ ಪ್ರಾಕೃತ ಗ್ರಂಥ. ಗೃಹಸ್ಥನಿಗೆ ಇವೆಲ್ಲವನ್ನೂ ಮುನಿಯಂತೆ ನಡೆಸುವುದು ಸಾಧ್ಯವಿಲ್ಲವಾದುದರಿಂದ ಅವನ ಶಕ್ತಿಗೆ ಒಪ್ಪುವ ಅಳತೆಯಲ್ಲಿ ಕೆಲವನ್ನು ಹೇಳಲಾಗಿದೆ. ಅವುಗಳಲ್ಲಿ ಮೊದಲನೆಯದು ಸಾಮಾಯಿಕ. ಲಾಭ ಬಂದರೂ ನಷ್ಟ ಬಂದರೂ, ಬಂಧು ಎದುರಾದರೂ ಹಗೆ ಎದುರಾದರೂ, ಬದುಕಾದರೂ ಮರಣವಾದರೂ ಮನಸ್ಸು ಒಂದೇ ಹದದಲ್ಲಿ ನಿಲ್ಲುವುದೇ ಸಾಮಾಯಿಕವೆಂದು ಅದರ ಲಕ್ಷಣ. ಇಷ್ಟನ್ನು ಇಡೀ ದಿನ ಸಾಧಿಸುವೆನೆಂದು ಹೊರಡುವ ಗೃಹಸ್ಥನು ಮಧ್ಯಾಹ್ನದೊಳಗೆ ಸೋತು ಕೂತಾನು. ಆದುದರಿಂದ ಅವನಿಗೆ ಒಂದು ಮುಹೂರ್ತ, ಎಂದರೆ ಎರಡು ಗಳಿಗೆ, ಈಗಿನ ಗಡಿಯಾರದ ಲೆಕ್ಕದಲ್ಲಿ 48 ನಿಮಿಷ ಮಾತ್ರ ಎಲ್ಲೆ. ಗಡಿಯಾರವಿಲ್ಲದ ಕಾಲದಲ್ಲಿ ಈ ಎಲ್ಲೆಯನ್ನು ಗುರುತಿಸಿಕೊಳ್ಳಲು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಂದು ಸರಳವಾದ ಉಪಾಯವನ್ನು ಸೂಚಿಸುತ್ತದೆ: ತಲೆಗೂದಲನ್ನೋ ಉಟ್ಟ ಬಟ್ಟೆಯನ್ನೋ ಗಂಟು ಹಾಕಿಕೊಂಡು, ಆ ಗಂಟನ್ನು ಬಿಚ್ಚುವ ತನಕ ಪಾಪಕ್ರಿಯೆಗಳೊಂದೂ ತನ್ನವಲ್ಲವೆಂದು ಸಂಕಲ್ಪಿಸುವುದು. ಅದೇ ಗ್ರಂಥದಲ್ಲಿ ಮುಂದೆ ಬರುವ ಒಂದು ಮಾತಂತೂ ಗೃಹಸ್ಥನ ಪಾಲಿಗೆ ಬಹು ಉದಾರವಾದುದು. ಧ್ಯಾನಸ್ಥನಾದ ದಿಗಂಬರ ಮುನಿಯ ಮೈಮೇಲೆ ಯಾರೋ ಕಾಡಬೇಕೆಂದು ಬಟ್ಟೆ ಹೊದಿಸಿ ಹೋದರೆ ಅವನ ಮುನಿತ್ವಕ್ಕೆ ಹೇಗೆ ಕುಂದು ಬರುವುದಿಲ್ಲವೋ ಹಾಗೆಯೇ ಸಾಮಾಯಿಕದಲ್ಲಿರುವ ಸಂಸಾರಿಯೂ ಅಷ್ಟು ಹೊತ್ತು ಯತಿಯೇ ಆಗಿರುತ್ತಾನೆಂದೂ, ಮೈಮೇಲಿನ ಬಟ್ಟೆ ಅವನದಲ್ಲವೆಂದೂ ಆಚಾರ್ಯರ ಅಭಿಪ್ರಾಯ. ಸಂಸಾರಿಯನ್ನು ಎರಡನೆಯ ದರ್ಜೆಯ ಸಾಧಕನೆಂದು ಕಂಡ ಗ್ರಂಥಗಳೇ ಹೆಚ್ಚಾಗಿರುವಲ್ಲಿ ಈ ಔದಾರ್ಯ ಎದ್ದು ಕಾಣುತ್ತದೆ.

ರಾತ್ರಿಭೋಜನವನ್ನು ಬಿಟ್ಟ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆಯೇ ಊಟ ಮುಗಿದು, ಪಾತ್ರೆಗಳನ್ನು ಬೆಳಗಿಟ್ಟು, ಸಂಜೆಯ ಹೊತ್ತು ಯಾರ ಗೊಡವೆಯೂ ಇಲ್ಲದೆ ಬಿಡುವಾಗಿ ಸಿಗುತ್ತದೆ. ಆಹಾರದ ನಿಯಮಕ್ಕೂ ಆತ್ಮಚಿಂತನೆಗೂ ಇರುವ ಈ ನಂಟು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಸಾಮಾಯಿಕಕ್ಕೆ ನಿಂತವರು ನಾಲ್ಕು ದಿಕ್ಕುಗಳಿಗೂ ಮುಖ ಮಾಡಿ, ಒಂದೊಂದು ದಿಕ್ಕಿನಲ್ಲಿ ಮುಗಿದ ಕೈಗಳನ್ನು ಮೂರು ಸಲ ಸುತ್ತಿಸಿ ಒಮ್ಮೆ ತಲೆಬಾಗಿಸುತ್ತಾರೆ. ಬಳಿಕ ಪಂಚನಮಸ್ಕಾರ ಮಂತ್ರ. ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧುಗಳೆಂಬ ಐದು ಪದವಿಗಳಿಗೆ ನಮಸ್ಕರಿಸುವ ಆ ಮಂತ್ರದಲ್ಲಿ ಒಬ್ಬ ವ್ಯಕ್ತಿಯ ಹೆಸರೂ ಇಲ್ಲ, ಒಂದು ಬೇಡಿಕೆಯೂ ಇಲ್ಲ. ಅನಂತರ ಅಮಿತಗತಿಯ ದ್ವಾತ್ರಿಂಶತಿಕೆಯನ್ನೋ ಬಾಯಿಪಾಠವಾಗಿ ಬಂದ ಬೇರೆ ಪಾಠವನ್ನೋ ಹೇಳಿಕೊಂಡು, ಮೈಯ ಮಮತೆಯನ್ನು ಬಿಟ್ಟು ಅಲುಗದಿರುವ ಕಾಯೋತ್ಸರ್ಗದಲ್ಲಿ ನಿಲ್ಲುವುದುಂಟು, ಕೂರುವುದೂ ಉಂಟು.

ಈ ಕಾಯೋತ್ಸರ್ಗದ ವಿಧಿಯನ್ನು ಬರೆದವರು ಮನುಷ್ಯರ ಮೈಯನ್ನು ಚೆನ್ನಾಗಿ ಗಮನಿಸಿದ್ದವರೆಂಬುದಕ್ಕೆ ಮೂಲಾಚಾರದಲ್ಲಿರುವ ದೋಷಗಳ ಪಟ್ಟಿಯೇ ಸಾಕ್ಷಿ. ಎರಡು ಪಾದಗಳ ನಡುವೆ ನಾಲ್ಕು ಅಂಗುಲದ ಅಂತರವಿಟ್ಟು, ತೋಳುಗಳನ್ನು ಇಳಿಬಿಟ್ಟು, ಅಲುಗದೆ ನಿಲ್ಲಬೇಕಾದ ಸಾಧಕನು ಕುದುರೆಯಂತೆ ಒಂದು ಕಾಲನ್ನು ಎತ್ತಿ ನಿಲ್ಲುತ್ತಾನೆ, ಬಳ್ಳಿಯಂತೆ ತೂಗುತ್ತಾನೆ, ಕಂಬಕ್ಕೋ ಗೋಡೆಗೋ ಮೆಲ್ಲಗೆ ಒರಗುತ್ತಾನೆ, ನೊಗ ಹೊತ್ತ ಎತ್ತಿನ ಹಾಗೆ ಕತ್ತು ಚಾಚುತ್ತಾನೆ, ಕಾಗೆಯಂತೆ ಅತ್ತಿತ್ತ ಕಣ್ಣು ಹಾಯಿಸುತ್ತಾನೆ, ಕೈಯಲ್ಲಿ ಬೇಲದ ಹಣ್ಣು ಅಡಗಿದೆಯೋ ಎಂಬಂತೆ ಮುಷ್ಟಿ ಬಿಗಿಯುತ್ತಾನೆ, ಕಡಿವಾಣ ಕಚ್ಚಿದ ಕುದುರೆಯಂತೆ ಹಲ್ಲು ಮಸೆಯುತ್ತಾನೆ. ಬಸದಿಯ ಜಗಲಿಯಲ್ಲಿ ನಿಂತವರನ್ನು ಐದು ನಿಮಿಷ ನೋಡಿದವರಿಗೆ ಈ ಪಟ್ಟಿಯ ಅರ್ಧದಷ್ಟಾದರೂ ಪ್ರತ್ಯಕ್ಷವಾದೀತು. ಒಳಗಿನ ದೋಷಗಳನ್ನು ಹೇಳುವಾಗಲೂ ಶಾಸ್ತ್ರಕಾರರ ಸೂಕ್ಷ್ಮತೆ ಕಡಿಮೆಯಾಗುವುದಿಲ್ಲ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಸಾಮಾಯಿಕದ ಅತಿಚಾರಗಳು ಐದೆಂದು ಎಣಿಸುತ್ತದೆ: ಮನಸ್ಸು, ಮಾತು, ಮೈ ಇವು ಮೂರೂ ಒಂದೊಂದಾಗಿ ಅಡ್ಡದಾರಿ ಹಿಡಿಯುವುದು, ನಾಲ್ಕನೆಯದು ಅನಾದರ, ಐದನೆಯದು ಮರೆವು. ಇಂದು ಸಾಮಾಯಿಕ ಮಾಡಿದೆನೋ ಇಲ್ಲವೋ ಎಂದು ಮಾಡಿದವನಿಗೇ ನೆನಪಾಗದ ಸ್ಥಿತಿಯೂ ಈ ಮರೆವಿನಲ್ಲಿ ಸೇರುತ್ತದೆ. ನಿತ್ಯದ ಪೂಜೆಯನ್ನು ನಲವತ್ತು ವರ್ಷ ತಪ್ಪದೆ ನಡೆಸಿ ಬಂದವರಿಗೆ ಈ ಐದನೆಯ ಅತಿಚಾರವು ಯಾವ ಮತದವರಿಗಾದರೂ ಅರ್ಥವಾಗುತ್ತದೆ.

ಸಾಮಾಯಿಕವು ಮನಸ್ಸನ್ನು ನಿಲ್ಲಿಸಿದರೆ, ಪ್ರತಿಕ್ರಮಣವು ನಿಂತ ಮನಸ್ಸನ್ನು ಕಳೆದ ಹೊತ್ತಿನತ್ತ ತಿರುಗಿಸುತ್ತದೆ. ಹಗಲಿನದು ದೈವಸಿಕ, ಇರುಳಿನದು ರಾತ್ರಿಕ, ಹದಿನೈದು ದಿನಕ್ಕೊಮ್ಮೆ ಪಾಕ್ಷಿಕ, ನಾಲ್ಕು ತಿಂಗಳಿಗೊಮ್ಮೆ ಚಾತುರ್ಮಾಸಿಕ, ವರ್ಷಕ್ಕೊಮ್ಮೆ ಸಾಂವತ್ಸರಿಕ. ಇವುಗಳಲ್ಲಿ ನಡೆಸಬೇಕಾದ ಕಾಯೋತ್ಸರ್ಗವನ್ನು ಉಸಿರುಗಳಿಂದ ಅಳೆಯುವುದು ವಾಡಿಕೆ: ಹಗಲಿಗೆ 108, ಇರುಳಿಗೆ 54, ಪಕ್ಷಕ್ಕೆ 300, ನಾಲ್ಕು ತಿಂಗಳಿಗೆ 400, ವರ್ಷಕ್ಕೆ 500. ಮುನಿಗಳಿಗೆ ಇದು ನಿತ್ಯದ ಕರ್ತವ್ಯ. ಗೃಹಸ್ಥರಲ್ಲಿ ವ್ರತ ಹಿಡಿದವರು ನಡೆಸುತ್ತಾರೆ, ಉಳಿದವರಲ್ಲಿ ಅನೇಕರು ಪರ್ವದಿನಗಳಲ್ಲಿ ಕೈಗೊಳ್ಳುತ್ತಾರೆ. ನಡೆಯುವಾಗ ತುಳಿದ ಬೀಜ, ಹಸುರು, ಕಣ್ಣಿಗೆ ಬೀಳದ ಕ್ರಿಮಿ ಇವುಗಳಿಂದ ತೊಡಗಿ ಆಡಿದ ಸುಳ್ಳಿನವರೆಗೆ, ಬಯಸಿದ ಪರವಸ್ತುವಿನವರೆಗೆ ಒಂದೊಂದನ್ನೂ ಹೆಸರಿಸಿ, ಅದು ಮಿಥ್ಯೆಯಾಗಲಿ ಎಂದು ಹೇಳಿಕೊಳ್ಳುವುದು ಇದರ ಕ್ರಮ.

ಜಪಮಾಲೆಯಲ್ಲಿ 108 ಮಣಿಗಳೇಕೆ ಎಂದು ಕೇಳಿದರೆ ಜೈನರು ಕೊಡುವ ಒಂದು ವಿವರಣೆಯೂ ಈ ಲೆಕ್ಕಕ್ಕೇ ಸೇರಿದುದು. ಒಂದು ಕೃತ್ಯವನ್ನು ಮಾಡಬೇಕೆಂದು ಬಗೆಯುವುದು, ಅದಕ್ಕೆ ಬೇಕಾದುದನ್ನು ಸಜ್ಜುಗೊಳಿಸುವುದು, ಮಾಡತೊಡಗುವುದು ಎಂದು ಮೂರು ಹಂತ. ಮನಸ್ಸು, ಮಾತು, ಮೈ ಎಂದು ಮೂರು ದಾರಿ. ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದವರನ್ನು ಮೆಚ್ಚುವುದು ಎಂದು ಮೂರು ಬಗೆ. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು ಪ್ರೇರಣೆ. ಮೂರು ಮೂರಲ ಒಂಬತ್ತು, ಒಂಬತ್ತು ಮೂರಲ ಇಪ್ಪತ್ತೇಳು, ಇಪ್ಪತ್ತೇಳು ನಾಲ್ಕಲ ನೂರೆಂಟು. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮೆಚ್ಚುವುದೆಂಬ ಬಗೆ, ಶಾಸ್ತ್ರದ ಮಾತಿನಲ್ಲಿ ಅನುಮೋದನೆ. ಕೈಯಿಂದ ಯಾರಿಗೂ ಕೇಡು ಮಾಡದೆ, ಬಾಯಿಂದ ಯಾರನ್ನೂ ಪ್ರಚೋದಿಸದೆ, ಬೆಳಗಿನ ಪತ್ರಿಕೆಯಲ್ಲಿ ಒಬ್ಬನ ಸರ್ವನಾಶದ ಸುದ್ದಿಯನ್ನು ಓದಿ, ಅವನಿಗೆ ತಕ್ಕದ್ದೇ ಆಯಿತೆಂದು ಕಾಫಿಯ ಲೋಟವನ್ನು ಕೆಳಗಿಟ್ಟವನೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರ.

ಮಾಡದ ತಪ್ಪುಗಳನ್ನೂ ಸೇರಿಸಿ ಇಡೀ ಪಟ್ಟಿಯನ್ನು ದಿನವೂ ಒಪ್ಪಿಸುವುದು ಯಾಂತ್ರಿಕವಲ್ಲವೇ ಎಂಬ ಆಕ್ಷೇಪ ಸಹಜವಾದುದು, ಹೊಸದೂ ಅಲ್ಲ. ಮೊದಲ ಮತ್ತು ಕೊನೆಯ ತೀರ್ಥಂಕರರ ಶಿಷ್ಯರಿಗೆ ತಪ್ಪು ನಡೆದಿರಲಿ ಇಲ್ಲದಿರಲಿ ಪ್ರತಿಕ್ರಮಣ ಕಡ್ಡಾಯವೆಂದೂ, ನಡುವಿನ ಇಪ್ಪತ್ತೆರಡು ತೀರ್ಥಂಕರರ ಶಿಷ್ಯರು ದೃಢಬುದ್ಧಿಯವರಾದುದರಿಂದ ತಪ್ಪಿದಾಗ ಮಾತ್ರ ಮಾಡಿದರೆ ಸಾಕಾಗಿತ್ತೆಂದೂ ಮೂಲಾಚಾರ ಹೇಳುತ್ತದೆ. ಮಹಾವೀರರ ಕಾಲದಿಂದೀಚಿನವರಾದ ನಾವು ಚಂಚಲಚಿತ್ತರು. ನಮ್ಮ ತಪ್ಪು ಯಾವುದೆಂಬುದೇ ನಮಗೆ ತಿಳಿಯದು. ಇದಕ್ಕೆ ಕೊಟ್ಟ ದೃಷ್ಟಾಂತ ಕುರುಡು ಕುದುರೆಯದು. ಅರಸನ ಕುದುರೆಗೆ ಕಣ್ಣು ಹೋಯಿತು, ವೈದ್ಯನು ಊರಲ್ಲಿರಲಿಲ್ಲ, ಮನೆಯಲ್ಲಿದ್ದ ಮಗನಿಗೆ ಯಾವ ರೋಗಕ್ಕೆ ಯಾವ ಮದ್ದೆಂದು ಗೊತ್ತಿರಲಿಲ್ಲ. ಅವನು ಇದ್ದಬದ್ದ ಔಷಧಗಳನ್ನೆಲ್ಲ ಒಂದೊಂದಾಗಿ ಕಣ್ಣಿಗೆ ಹಚ್ಚಿದ. ಯಾವುದೋ ಒಂದು ತಾಗಿತು, ಕುದುರೆಗೆ ಕಣ್ಣು ಬಂತು. ಪಟ್ಟಿಯನ್ನು ಪೂರ್ತಿ ಓದಿಸುವ ಗುರುಗಳು ನಮ್ಮನ್ನು ವೈದ್ಯನ ಸ್ಥಾನದಲ್ಲಿ ಇಡಲಿಲ್ಲ, ಅವನ ದಡ್ಡ ಮಗನ ಸ್ಥಾನದಲ್ಲಿಟ್ಟರು ಎಂಬುದನ್ನು ಒಪ್ಪಿಕೊಳ್ಳಲು ಸ್ವಲ್ಪ ವಿನಯ ಬೇಕು.

ದಿನದ ಕೊನೆಗೆ ತನ್ನನ್ನು ತಾನೇ ವಿಚಾರಿಸಿಕೊಳ್ಳುವ ಪದ್ಧತಿ ಭಾರತಕ್ಕೆ ಮಾತ್ರ ಮೀಸಲಾದುದಲ್ಲ. ರೋಮಿನ ತತ್ತ್ವಜ್ಞಾನಿ ಸೆನೆಕನೂ ಕೋಪವನ್ನು ಕುರಿತ ತನ್ನ ಗ್ರಂಥದಲ್ಲಿ, ರಾತ್ರಿ ದೀಪ ತೆಗೆದಮೇಲೆ, ತನ್ನ ಅಭ್ಯಾಸವನ್ನು ಬಲ್ಲ ಹೆಂಡತಿ ಮೌನವಾದಮೇಲೆ, ದಿನವಿಡೀ ಆಡಿದ್ದನ್ನೂ ಮಾಡಿದ್ದನ್ನೂ ಏನನ್ನೂ ಮುಚ್ಚದೆ ಮತ್ತೆ ನೋಡಿಕೊಳ್ಳುತ್ತೇನೆಂದು ಬರೆದಿದ್ದಾನೆ. ಆದರೆ ಸೆನೆಕನ ನ್ಯಾಯಾಲಯದಲ್ಲಿ ಆರೋಪಿಯೂ ಅವನೇ, ನ್ಯಾಯಾಧೀಶನೂ ಅವನೇ. ಅಲ್ಲಿ ಕ್ಷಮೆ ಬಹಳ ಸುಲಭವಾಗಿ ಸಿಕ್ಕಿಬಿಡುವ ಅಪಾಯವಿದೆ. ಜೈನರು ಈ ಅಪಾಯವನ್ನು ಮನಗಂಡು, ಕಂಡುಕೊಂಡ ತಪ್ಪನ್ನು ಗುರುವಿನ ಮುಂದೆ ಬಾಯಿಬಿಟ್ಟು ಹೇಳುವ ಆಲೋಚನೆಯೆಂಬ ಕ್ರಿಯೆಯನ್ನು ಸೇರಿಸಿದರು. ಅಲ್ಲಿಯೂ ಮನುಷ್ಯನು ನುಣುಚಿಕೊಳ್ಳದೆ ಇರನೆಂಬುದನ್ನು ಬಲ್ಲ ಶಿವಾರ್ಯರು ಭಗವತೀ ಆರಾಧನೆಯಲ್ಲಿ ಆಲೋಚನೆಯ ಹತ್ತು ದೋಷಗಳನ್ನು ಎಣಿಸಿಟ್ಟರು. ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಮೂಲವಾದ ಗಾಹೆಗಳು ಬಂದುದು ಈ ಗ್ರಂಥದಿಂದಲೇ ಆದುದರಿಂದ ಕನ್ನಡಿಗರಿಗೆ ಇದು ಪರಕೀಯವಲ್ಲ.

ಆ ಹತ್ತು ದೋಷಗಳನ್ನು ಓದುವವನಿಗೆ ಒಂದೆರಡಾದರೂ ತನ್ನವೇ ಎನಿಸದೆ ಇರವು. ಮೊದಲು ಗುರುವಿಗೆ ಸೇವೆ ಸಲ್ಲಿಸಿ ಅವನ ಮನಸ್ಸನ್ನು ಕರಗಿಸಿಕೊಂಡು ಆಮೇಲೆ ತಪ್ಪನ್ನು ಹೇಳುವುದು ಒಂದು. ತನಗೆ ಶಕ್ತಿಯಿಲ್ಲ, ಮೈಯಲ್ಲಿ ಸ್ವಾಸ್ಥ್ಯವಿಲ್ಲ ಎಂದು ಮುನ್ನುಡಿ ಹಾಕಿ, ಗುರು ಕೊಡುವ ಪ್ರಾಯಶ್ಚಿತ್ತ ಹಗುರವಾದೀತೋ ಎಂದು ಅಳೆದು ನೋಡಿಕೊಂಡು ಬಾಯಿ ತೆರೆಯುವುದು ಇನ್ನೊಂದು. ಇತರರು ನೋಡಿದ್ದನ್ನು ಮಾತ್ರ ಒಪ್ಪಿಕೊಂಡು ನೋಡದ್ದನ್ನು ನುಂಗಿಕೊಳ್ಳುವುದು. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು. ಇದಕ್ಕಿಂತ ಜಾಣತನದ್ದೆಂದರೆ, ಸಣ್ಣ ಸಣ್ಣ ತಪ್ಪುಗಳನ್ನೇ ಒಂದೊಂದಾಗಿ ಹೇಳಿ, ಇಷ್ಟು ಸೂಕ್ಷ್ಮವಾದುದನ್ನೂ ಮುಚ್ಚಿಡದವನು ದೊಡ್ಡದನ್ನು ಮುಚ್ಚಿಟ್ಟಾನೆಯೇ ಎಂಬ ಭಾವನೆ ಹುಟ್ಟಿಸುವುದು. ಇಂಥ ತಪ್ಪು ಮಾಡಿದವನಿಗೆ ಏನು ಪ್ರಾಯಶ್ಚಿತ್ತ ಎಂದು ಪರರ ಹೆಸರಿನಲ್ಲಿ ಕೇಳಿ ತಿಳಿದುಕೊಂಡು ಗುಟ್ಟಾಗಿ ಮುಗಿಸಿಕೊಳ್ಳುವುದೂ ದೋಷವೇ. ಪಾಕ್ಷಿಕಕ್ಕೋ ಸಾಂವತ್ಸರಿಕಕ್ಕೋ ಎಲ್ಲರೂ ಸೇರಿ ಗಟ್ಟಿಯಾಗಿ ಹೇಳುತ್ತಿರುವ ಗದ್ದಲದಲ್ಲಿ ತನ್ನದನ್ನೂ ಗುರುವಿಗೆ ಕೇಳಿಸದಂತೆ ಹೇಳಿಬಿಡುವುದು ಮತ್ತೊಂದು. ಒಬ್ಬ ಗುರು ಹೇಳಿದ್ದು ಭಾರವೆನಿಸಿ ಹಲವರನ್ನು ಕೇಳುತ್ತ ಅಲೆಯುವುದು, ತಿಳಿವಿಲ್ಲದವನ ಮುಂದೆ ಹೇಳಿಕೊಳ್ಳುವುದು, ಅದೇ ತಪ್ಪನ್ನು ತಾನೂ ಮಾಡುತ್ತಿರುವವನನ್ನು ಹುಡುಕಿ ಅವನ ಬಳಿ ಹೇಳಿಕೊಳ್ಳುವುದು, ಇವು ಉಳಿದ ಮೂರು. ಮನಶ್ಶಾಸ್ತ್ರವೆಂಬ ವಿದ್ಯೆಗೆ ಆ ಹೆಸರು ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಆತ್ಮವಂಚನೆಯ ಇಷ್ಟು ಒಳದಾರಿಗಳನ್ನು ಯಾರೋ ಕೂತು ಗುರುತು ಮಾಡಿದ್ದಾರೆ. ಈಚೆಗೆ ಶುಲ್ಕ ತೆತ್ತು ಮೌನವನ್ನು ಕಲಿಯುವ ಶಿಬಿರಗಳು ಮನಸ್ಸಿಗೆ ಶಾಂತಿಯನ್ನು ವಾಗ್ದಾನ ಮಾಡುತ್ತವೆ. ಅದು ದೊರೆತರೆ ಒಳ್ಳೆಯದೇ. ಪ್ರತಿಕ್ರಮಣವು ಮೊದಲು ಕೊಡುವುದು ಅಶಾಂತಿಯನ್ನು, ಮತ್ತು ನನ್ನ ಮಟ್ಟಿಗೆ ಅದರ ಪ್ರಾಮಾಣಿಕತೆಗೆ ಅದೇ ಗುರುತು.

ಬದುಕಿನ ತುದಿಯಲ್ಲಿ, ಉಪವಾಸದಿಂದ ದೇಹವನ್ನು ತೊರೆಯುವ ಸಲ್ಲೇಖನವನ್ನು ಕೈಗೊಂಡವರಿಗೂ ಒಂದು ಕಡೆಯ ಪ್ರತಿಕ್ರಮಣವಿದೆ. ರಾಷ್ಟ್ರಕೂಟವಂಶದ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಹೀಗೆ ದೇಹತ್ಯಾಗ ಮಾಡಿದನು. ಕುದುರೆಯೇರಿ ಆಡುವ ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ಚಂದ್ರಗಿರಿಯ ಶಾಸನ ಬಾಯಿತುಂಬ ಹೊಗಳುತ್ತದೆ; ಅಂಥ ಚುರುಕಿನವನೂ ಕೊನೆಗೆ ಆರಿಸಿಕೊಂಡದ್ದು ನಿಶ್ಚಲತೆಯನ್ನೇ.

ಅದೇ ಕಾಲದಲ್ಲಿ, 981ರ ಸುಮಾರಿಗೆ, ಎದುರಿನ ವಿಂಧ್ಯಗಿರಿಯ ಮೇಲೆ ಚಾವುಂಡರಾಯನು ನಿಲ್ಲಿಸಿದ ಸುಮಾರು 58 ಅಡಿಯ ಬಾಹುಬಲಿ ಕಾಯೋತ್ಸರ್ಗದ ಪರಮಾವಧಿ. ಕಾಲಿಗೆ ಬಳ್ಳಿ ಹಬ್ಬಿದೆ, ಪಕ್ಕದಲ್ಲಿ ಹುತ್ತ ಬೆಳೆದಿದೆ, ಕುದುರೆಯ ದೋಷವಾಗಲಿ ಕಾಗೆಯ ದೋಷವಾಗಲಿ ಅಲ್ಲಿ ಸುಳಿಯುವಂತಿಲ್ಲ. ಆದರೂ ಕಥೆಯ ಪ್ರಕಾರ ಅಷ್ಟು ನಿಂತರೂ ಅವನಿಗೆ ಕೇವಲಜ್ಞಾನ ಕೂಡಿಬರಲಿಲ್ಲ. ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಅಭಿಮಾನ ಮನದಲ್ಲಿ ಉಳಿದಿತ್ತೆಂದು ಜನರು ಹೇಳುತ್ತಾರೆ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿಯಾದರೋ ಭರತನಿಗೆ ತನ್ನಿಂದ ನೋವಾಯಿತೆಂಬ ಸಂಕಟವೇ ಉಳಿದ ಮುಳ್ಳು. ಭರತನೇ ಬಂದು ಪೂಜಿಸಿದಮೇಲೆ ಅದು ಕಳಚಿತು. ನನಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ. ಒಂದು ವರ್ಷದ ಉಪವಾಸ, ಅಚಲವಾದ ನಿಲುವು ಎಲ್ಲ ಇದ್ದೂ ಅಣ್ಣತಮ್ಮಂದಿರ ನಡುವಿನ ಲೆಕ್ಕ ಬಾಕಿಯಿದ್ದಷ್ಟು ಹೊತ್ತು ಬಾಗಿಲು ತೆರೆಯಲಿಲ್ಲವೆಂಬುದು ಧ್ಯಾನವನ್ನೇ ಸರ್ವಸ್ವವೆಂದು ತಿಳಿದವರು ಗಮನಿಸಬೇಕಾದ ಸಂಗತಿ.

ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಗೆ ಮೀಸಲು; ಪರ್ವ ಮುಗಿದು ಹುಣ್ಣಿಮೆ ಕಳೆದ ಪಾಡ್ಯದಂದು ಕ್ಷಮಾವಾಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ಅಪರಾಧಗಳನ್ನು ಕ್ಷಮಿಸಬೇಕೆಂದು ಅಂದು ಕಿರಿಯರು ಹಿರಿಯರನ್ನೂ, ಹಿರಿಯರು ಕಿರಿಯರನ್ನೂ ಕೈಮುಗಿದು ಕೇಳುತ್ತಾರೆ. ಅತ್ತೆ ಸೊಸೆಯನ್ನು ಕೇಳುವುದೂ, ಒಡೆಯನು ಒಕ್ಕಲನ್ನು ಕೇಳುವುದೂ ಈ ಕ್ರಮಕ್ಕೆ ಸೇರಿದುದೇ. ಹಿಂದೆ ದೂರದ ಬಂಧುಗಳಿಗೆ ಅಚ್ಚು ಹಾಕಿಸಿದ ಕ್ಷಮಾಪಣೆಯ ಕಾರ್ಡುಗಳು ಅಂಚೆಯಲ್ಲಿ ಹೋಗುತ್ತಿದ್ದವು. ಈಗ ಹೂವಿನ ಚಿತ್ರವಿರುವ ಒಂದೇ ಸಂದೇಶ ಒಂದೇ ಬಾರಿಗೆ ಮೊಬೈಲಿನಲ್ಲಿರುವ ಎಲ್ಲ ಹೆಸರುಗಳಿಗೂ ಹೊರಡುತ್ತದೆ. ಮುಂಗಡ ಪಡೆದು ಕೆಲಸ ಮುಗಿಸದೆ ಹೋದ ಬಡಗಿಗೂ, ವಿಮೆಯ ಏಜೆಂಟರಿಗೂ, ಯಾವಾಗ ಎಲ್ಲಿ ಭೇಟಿಯಾದುದೆಂದು ನೆನಪಿಗೇ ಬಾರದವರಿಗೂ ಕ್ಷಮಾಯಾಚನೆ ತಲುಪುತ್ತದೆ. ಗದ್ದಲದಲ್ಲಿ ಹೇಳಿ ಮುಗಿಸುವ ದೋಷವನ್ನು ಶಿವಾರ್ಯರು ಎಣಿಸಿದ್ದು ಇಂಥದ್ದನ್ನು ಊಹಿಸಿಯೇ ಇರಬಹುದೇ ಎನಿಸುತ್ತದೆ. ಗಡಿಯ ಕಲ್ಲಿನ ವಿಷಯವಾಗಿ ಹತ್ತು ವರ್ಷದಿಂದ ಕೋರ್ಟಿನಲ್ಲಿ ಎದುರುಬದುರಾಗಿ ನಿಂತಿರುವ ದಾಯಾದಿಯ ನಂಬರು ಮಾತ್ರ ಆ ಮೊಬೈಲಿನಲ್ಲಿ ಇರುವುದಿಲ್ಲ. ಅದು ಇರುವುದು ವಕೀಲರ ಬಳಿ.