ಕರಿಯ ಕಾರು, ತಾಮ್ರದ ಎಂಜಿನು

ಹೊಸ ಮೋಟಾರು ಕಾರನ್ನು ಕೊಳ್ಳಹೊರಟವನು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಇದು ಕೆಡದೆ ಎಷ್ಟು ಕಾಲ ಓಡುತ್ತದೆ? ನನ್ನ ಸಂಸಾರಕ್ಕೂ ನನ್ನ ಹಣದ ಚೀಲಕ್ಕೂ ಒಪ್ಪುವ ಮಾದರಿ ಇದರಲ್ಲಿ ಉಂಟೆ? ಜಾಹೀರಾತಿನಲ್ಲಿ ಹೇಳಿದುದು ನಿಜವೆ? ಕಾರನ್ನು ತಯಾರಿಸುವ ಸಂಸ್ಥೆಯ ಮುಂದೆಯೂ ಇವೇ ಮೂರು ಪ್ರಶ್ನೆಗಳು ಗುಣಮಟ್ಟ, ಮಾದರಿಗಳ ವೈವಿಧ್ಯ, ಮಾರಾಟದ ಪ್ರಚಾರ ಎಂಬ ರೂಪದಲ್ಲಿ ನಿಲ್ಲುತ್ತವೆ. ಇವು ಬೇರೆ ಬೇರೆ ಕೆಲಸಗಳೆಂದು ಮೇಲುನೋಟಕ್ಕೆ ತೋರುವುದಾದರೂ, ಒಂದನ್ನು ಎಳೆದರೆ ಉಳಿದೆರಡೂ ಅಲುಗುತ್ತವೆ. ಇದು ಹೇಗೆಂಬುದನ್ನು ತಿಳಿಯಲು 1908ರಿಂದ 1927ರವರೆಗೆ ಅಮೆರಿಕದಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಸಂಸ್ಥೆಗಳು ಹಿಡಿದ ದಾರಿಗಳನ್ನು ಹೋಲಿಸಿ ನೋಡೋಣ.

ಒಂದೇ ಮಾದರಿಯ ಬಲ

1908ರ ಅಕ್ಟೋಬರಿನಲ್ಲಿ ಹೆನ್ರಿ ಫೋರ್ಡನು ತನ್ನ 'ಟಿ' ಮಾದರಿಯ ಕಾರನ್ನು ಹೊರತಂದನು. ಅದರದು ನಾಲ್ಕು ಸಿಲಿಂಡರುಗಳ, ಸುಮಾರು 20 ಅಶ್ವಶಕ್ತಿಯ ಎಂಜಿನು. ಬೆಲೆ ಸುಮಾರು 850 ಡಾಲರು. ಮುಖ್ಯ ಭಾಗಗಳಿಗೆ ವೆನೇಡಿಯಂ ಬೆರೆತ ಉಕ್ಕನ್ನು ಬಳಸಿದುದರಿಂದ ಅದು ಹಗುರವಾಗಿಯೂ ಗಟ್ಟಿಮುಟ್ಟಾಗಿಯೂ ಇದ್ದು, ಹಳ್ಳಿಗಾಡಿನ ಕೆಸರು ದಾರಿಗಳಿಗೆ ಅಂಜುತ್ತಿರಲಿಲ್ಲ.

ಫೋರ್ಡನು ಈ ಒಂದೇ ಮಾದರಿಗೆ ಅಂಟಿಕೊಂಡನು. ಅದರಿಂದಾದ ಲಾಭವನ್ನು ಸುಲಭವಾದ ಲೆಕ್ಕವೊಂದರಿಂದ ತಿಳಿಯಬಹುದು. ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚೊಂದಕ್ಕೆ ಒಂದು ಲಕ್ಷ ರೂಪಾಯಿ ಖರ್ಚಾಗುತ್ತದೆಂದು ಭಾವಿಸೋಣ. ಅದರಿಂದ ಸಾವಿರ ಭಾಗಗಳನ್ನು ಮಾತ್ರ ಮಾಡಿದರೆ ಪ್ರತಿಯೊಂದರ ಮೇಲೂ ನೂರು ರೂಪಾಯಿನ ಹೊರೆ ಬೀಳುತ್ತದೆ. ಹತ್ತು ಲಕ್ಷ ಭಾಗಗಳನ್ನು ಮಾಡಿದರೆ ಆ ಹೊರೆ ಹತ್ತು ಪೈಸೆಗೆ ಇಳಿಯುತ್ತದೆ. ಅಲ್ಲದೆ, ಒಂದೇ ಕೆಲಸಕ್ಕೆಂದು ಮೀಸಲಾದ ಯಂತ್ರವು ಒಂದೇ ಅಳತೆಯನ್ನು ಮತ್ತೆ ಮತ್ತೆ ತಪ್ಪದೆ ಕೊಡಬಲ್ಲುದು. ಹೀಗೆ ಮಾದರಿಗಳು ಕಡಿಮೆಯಾದಷ್ಟೂ ಬೆಲೆ ಇಳಿಯಿತು. ಗುಣಮಟ್ಟವೂ ಹದ್ದುಬಸ್ತಿನಲ್ಲಿ ಉಳಿಯಿತು.

1913ರಲ್ಲಿ ಹೈಲೆಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಕಾರಿನ ಚೌಕಟ್ಟನ್ನೇ ಕೆಲಸಗಾರರ ಮುಂದೆ ಸಾಗಿಸುವ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಒಂದು ಚೌಕಟ್ಟನ್ನು ಜೋಡಿಸಲು ಮೊದಲು ಸುಮಾರು ಹನ್ನೆರಡೂವರೆ ಗಂಟೆಗಳ ದುಡಿಮೆ ಬೇಕಾಗುತ್ತಿತ್ತು. 1914ರ ವೇಳೆಗೆ ಅದು 93 ನಿಮಿಷಗಳಿಗೆ ಇಳಿಯಿತು. 1925ರಲ್ಲಿ ಅತ್ಯಂತ ಅಗ್ಗದ 'ಟಿ' ಕಾರಿನ ಬೆಲೆ ಕೇವಲ 260 ಡಾಲರು. ಆದರೆ ಕೊಳ್ಳುವವನಿಗೆ ಆಯ್ಕೆಯೆಂಬುದು ಹೆಚ್ಚಾಗಿ ಇರಲಿಲ್ಲ. 1914ರಿಂದ 1925ರವರೆಗೆ ಆ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿತ್ತು.

ಬೆಲೆಯ ಏಣಿ

ಜನರಲ್ ಮೋಟಾರ್ಸ್ ಸಂಸ್ಥೆಯ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಅನೇಕ ಕಂಪನಿಗಳನ್ನು ಕೊಂಡು ಬೆಳೆದ ಆ ಸಂಸ್ಥೆಯಲ್ಲಿ ಹೆಸರುಗಳು ಹಲವಾಗಿದ್ದು, ಒಂದರ ಗಿರಾಕಿಯನ್ನು ಇನ್ನೊಂದು ಸೆಳೆಯುತ್ತಿತ್ತು. ಆಲ್ಫ್ರೆಡ್ ಸ್ಲೋನನು ಇವನ್ನೆಲ್ಲ ಬೆಲೆಯ ಏಣಿಯೊಂದರಲ್ಲಿ ಜೋಡಿಸಲು ಯೋಜಿಸಿದನು. ಕೆಳಗಿನ ಮೆಟ್ಟಿಲಲ್ಲಿ ಷೆವ್ರೊಲೆ, ಮೇಲಿನ ತುದಿಯಲ್ಲಿ ಕ್ಯಾಡಿಲಾಕ್, ನಡುವೆ ಓಕ್‌ಲೆಂಡ್, ಓಲ್ಡ್ಸ್‌ಮೊಬೀಲ್, ಬ್ಯೂಯಿಕ್. 1923ರಲ್ಲಿ ಅವನೇ ಸಂಸ್ಥೆಯ ಅಧ್ಯಕ್ಷನಾದನು. ವರಮಾನ ಹೆಚ್ಚಿದಂತೆ ಗಿರಾಕಿಯು ಒಂದೊಂದೇ ಮೆಟ್ಟಿಲು ಏರಬೇಕು, ಆದರೆ ಏಣಿಯನ್ನು ಬಿಟ್ಟು ಹೋಗಬಾರದು ಎಂಬುದು ಅವನ ಲೆಕ್ಕಾಚಾರ. ಹಣವನ್ನು ಕಂತುಗಳಲ್ಲಿ ತೀರಿಸಲು ನೆರವಾಗುವ ಸಾಲದ ಕಂಪನಿಯನ್ನೂ ಸಂಸ್ಥೆಯು 1919ರಲ್ಲಿಯೇ ತೆರೆದಿತ್ತು.

ಪ್ರಚಾರ ಮುಂದೋಡಿದಾಗ

ಫೋರ್ಡನನ್ನು ಬೆಲೆಯಲ್ಲಿ ಸೋಲಿಸುವುದು ಕಷ್ಟವೆಂದು ಅರಿತಿದ್ದ ಸಂಸ್ಥೆಯು ಹೊಸ ಆಕರ್ಷಣೆಯೊಂದನ್ನು ಹುಡುಕುತ್ತಿತ್ತು. ಸಂಶೋಧನಾಲಯದ ಮುಖ್ಯಸ್ಥನಾಗಿದ್ದ ಚಾರ್ಲ್ಸ್ ಕೆಟರಿಂಗನು ನೀರಿಲ್ಲದೆ, ಗಾಳಿಯಿಂದಲೇ ತಣಿಯುವ ಎಂಜಿನೊಂದನ್ನು ರೂಪಿಸಿದನು. ನೀರಿಲ್ಲವೆಂದರೆ ರೇಡಿಯೇಟರಿನ ತೂಕವಿಲ್ಲ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಭಯವೂ ಇಲ್ಲ. ಎರಕದ ಕಬ್ಬಿಣದ ಸಿಲಿಂಡರಿನ ಸುತ್ತ ತಾಮ್ರದ ರೆಕ್ಕೆಗಳನ್ನು ಬೆಸೆದು, ಬೀಸಣಿಗೆಯಿಂದ ಅವುಗಳ ಮೇಲೆ ಗಾಳಿ ಹಾಯಿಸುವುದು ಇದರ ಉಪಾಯ.

ತಾಮ್ರವನ್ನೇ ಆರಿಸಿದುದೇಕೆ? ಬಚ್ಚಲುಮನೆಯ ತಾಮ್ರದ ಹಂಡೆಯನ್ನು ನೆನೆಯಿರಿ; ಕೆಳಗಿನ ಉರಿಯ ಶಾಖವನ್ನು ಅದು ಎಷ್ಟು ಬೇಗ ನೀರಿಗೆ ದಾಟಿಸುತ್ತದೆ! ತಾಮ್ರದ ಉಷ್ಣವಾಹಕತೆ ಎರಕದ ಕಬ್ಬಿಣದ್ದಕ್ಕಿಂತ ಸುಮಾರು ಏಳೆಂಟು ಪಟ್ಟು ಹೆಚ್ಚು. ಆದರೆ ಶಾಖವು ರೆಕ್ಕೆಯ ತುದಿಗೆ ಬಂದರೆ ಸಾಲದು, ಅಲ್ಲಿಂದ ಗಾಳಿಗೂ ದಾಟಬೇಕಷ್ಟೆ. ಒಂದು ಲೀಟರು ನೀರು ಒಂದು ಡಿಗ್ರಿ ಕಾಯುವಾಗ ಹೀರುವಷ್ಟು ಶಾಖವನ್ನು, ಅದೇ ಒಂದು ಡಿಗ್ರಿ ಕಾಯ್ದು ಹೀರಲು ಸುಮಾರು 3,500 ಲೀಟರು ಗಾಳಿ ಬೇಕು. ಗಾಳಿಯಿಂದ ತಣಿಯುವ ಎಂಜಿನು ಅಸಾಧ್ಯವೆಂದು ಇದರ ಅರ್ಥವಲ್ಲ; ನಮ್ಮ ಮೋಟಾರು ಸೈಕಲ್ಲುಗಳಲ್ಲಿ ಅನೇಕವು ಹಾಗೆಯೇ ತಣಿಯುತ್ತವೆ. ರೆಕ್ಕೆಗಳ ರಚನೆ, ಗಾಳಿಯ ವೇಗ, ಜೋಡಣೆಯ ನಿಖರತೆ ಎಲ್ಲವೂ ಸರಿಹೊಂದಬೇಕು. ಅದಕ್ಕೆ ದೀರ್ಘಕಾಲದ ಪರೀಕ್ಷೆ ಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ಆ ಕಾಲಾವಕಾಶ ದೊರೆಯಲಿಲ್ಲ. 1923ರ ಜನವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಈ ಷೆವ್ರೊಲೆ ಕಾರು ಜನರ ಮುಂದೆ ಮೆರೆಯಿತು. ರಸ್ತೆಗಿಳಿದ ತರುವಾಯ ಎಂಜಿನು ಮಿತಿಮೀರಿ ಕಾಯತೊಡಗಿತು. ವಿದ್ಯುತ್ ಕಿಡಿ ಹಾರುವ ಮುನ್ನವೇ ಇಂಧನ ಹೊತ್ತಿಕೊಳ್ಳುತ್ತಿತ್ತು. ಕಾದಂತೆ ಬಲವೂ ಕುಗ್ಗುತ್ತಿತ್ತು. ತಯಾರಾದ 759 ಕಾರುಗಳಲ್ಲಿ 239 ಕಾರ್ಖಾನೆಯಲ್ಲಿಯೇ ಗುಜರಿಯಾದವು. ಗಿರಾಕಿಗಳ ಕೈ ಸೇರಿದ್ದು ಸುಮಾರು ನೂರು. ಮಾರಾಟಕ್ಕೆ ಕಳುಹಿಸಿದ್ದ ಕಾರುಗಳನ್ನೆಲ್ಲ ಜೂನ್ ತಿಂಗಳಲ್ಲಿ ಹಿಂದಕ್ಕೆ ಕರೆಸಲು ನಿರ್ಧಾರವಾಯಿತು. ಮನನೊಂದ ಕೆಟರಿಂಗನು ರಾಜೀನಾಮೆಗೆ ಮುಂದಾದನು. ಸ್ಲೋನನು ಅದನ್ನು ಒಪ್ಪಲಿಲ್ಲ.

ಬಣ್ಣ ತಂದ ಗೆಲುವು

ಒಪ್ಪದಿದ್ದುದು ಒಳ್ಳೆಯದೇ ಆಯಿತು. ಅದೇ ಸಂಶೋಧನಾಲಯವು ಡ್ಯೂಪಾಂಟ್ ಕಂಪನಿಯೊಡನೆ ಸೇರಿ ನಡೆಸಿದ ಇನ್ನೊಂದು ಪ್ರಯತ್ನ ಆ ವರ್ಷವೇ ಫಲಿಸಿತು. ಅಲ್ಲಿಯವರೆಗೆ ಬಣ್ಣದ ಕಾರುಗಳಿಗೆ ಬಳಿಯುತ್ತಿದ್ದ ಎಣ್ಣೆಯ ಮೆರುಗು ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಸಂಯೋಗಹೊಂದಿ ಗಟ್ಟಿಯಾಗುತ್ತಿತ್ತು. ಲೇಪದ ಮೇಲೆ ಲೇಪ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಅಗ್ಗವೂ ಬಾಳಿಕೆಯದೂ ಆದ ಕಪ್ಪು ಬಣ್ಣಕ್ಕೆ ಫೋರ್ಡನು ಜೋತುಬಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊಸ 'ಡ್ಯೂಕೋ' ಲೇಪದಲ್ಲಾದರೋ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವು ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿರುತ್ತದೆ. ದ್ರಾವಕ ಹಾರಿಹೋದರೆ ಬಣ್ಣ ಒಣಗಿತು; ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯಿತು. 1924ರ ಮಾದರಿಯ ಓಕ್‌ಲೆಂಡ್ ಕಾರು ನೀಲಿಯಾಗಿ ಹೊರಬಂದಿತು. ನಮ್ಮ ಬಣ್ಣದ ಕೆಲಸಗಾರರ ಬಾಯಲ್ಲಿ ಇಂದಿಗೂ 'ಡ್ಯೂಕೋ' ಎಂಬ ಮಾತು ಉಳಿದುಬಂದಿದೆ. ಇಲ್ಲಿ ಪ್ರಯೋಗ ಗೆದ್ದ ಬಳಿಕ ಪ್ರಚಾರ ಬಂದಿತು ಎಂಬುದನ್ನು ಗಮನಿಸಬೇಕು.

1927ರ ಮೇ ತಿಂಗಳಲ್ಲಿ ಒಂದೂವರೆ ಕೋಟಿಯ 'ಟಿ' ಕಾರು ಹೊರಬಿದ್ದಾಗ ಅದು ಇನ್ನೂ ಗಟ್ಟಿಯಾಗಿಯೇ ಓಡುತ್ತಿತ್ತು. ಆದರೆ ಜನರಿಗೆ ಅದು ಬೇಡವಾಗುತ್ತ ಬಂದಿತ್ತು. ಒಂದೇ ಮಾದರಿಗಾಗಿ ರೂಪಿಸಿದ ಯಂತ್ರಗಳನ್ನು ಬದಲಿಸಲು ಫೋರ್ಡನು ಕಾರುಗಳ ತಯಾರಿಕೆಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಸಾವಿರಾರು ಕೆಲಸಗಾರರು ಮನೆಯಲ್ಲಿ ಕುಳಿತರು. 'ಎ' ಎಂಬ ಹೊಸ ಮಾದರಿಯು ಹಲವು ಬಣ್ಣಗಳಲ್ಲಿ ಜನರ ಮುಂದೆ ಬಂದುದು ಡಿಸೆಂಬರಿನಲ್ಲಿ.

ಏಣಿ ಮಸುಕಾದಾಗ

ಹಾಗೆಂದು ವೈವಿಧ್ಯಕ್ಕೆ ಕೊನೆಯಿಲ್ಲವೆಂದು ಭಾವಿಸಬಾರದು. ಮಾದರಿಗಳು ಹೆಚ್ಚಿದಾಗ ಖರ್ಚನ್ನು ತಗ್ಗಿಸುವ ಉಪಾಯವೆಂದರೆ ಕಣ್ಣಿಗೆ ಬೀಳದ ಭಾಗಗಳನ್ನು ಹಂಚಿಕೊಳ್ಳುವುದು. 1926ರ ಪಾಂಟಿಯಾಕ್ ಕಾರು ಷೆವ್ರೊಲೆಯ ಭಾಗಗಳನ್ನು ಹಂಚಿಕೊಂಡರೂ ತನ್ನದೇ ಆದ ಆರು ಸಿಲಿಂಡರುಗಳ ಎಂಜಿನನ್ನು ಹೊತ್ತಿತ್ತು. ಆದರೆ 1982ರ ಮಾದರಿಯಾಗಿ ಬಂದ ಕ್ಯಾಡಿಲಾಕ್ ಸಿಮರಾನ್, ಷೆವ್ರೊಲೆ ಕ್ಯಾವಲಿಯರನ್ನು ತೀರ ಹೋಲುತ್ತಿತ್ತು. ಹೆಸರಿಗೆ ಮಾತ್ರ ಹೆಚ್ಚು ಬೆಲೆ ತೆರಲು ಗಿರಾಕಿಗಳು ಒಪ್ಪಲಿಲ್ಲ. 1988ರಲ್ಲಿ ಅದರ ತಯಾರಿಕೆ ನಿಂತಿತು. ಏಣಿಯ ಮೆಟ್ಟಿಲುಗಳ ನಡುವಣ ಅಂತರ ಮಸುಕಾಗುತ್ತ ಹೋದ ಆ ಸಂಸ್ಥೆಯಲ್ಲಿ ಓಲ್ಡ್ಸ್‌ಮೊಬೀಲ್ 2004ರಲ್ಲಿಯೂ ಪಾಂಟಿಯಾಕ್ 2010ರಲ್ಲಿಯೂ ಕೊನೆಗೊಂಡವು.

ವಿದ್ಯಾರ್ಥಿಗಳು ಮುಂದೆ ಹೊಸ ಕಾರಿನ ಜಾಹೀರಾತನ್ನು ಕಂಡಾಗ, ಅದರ ಎಂಜಿನು, ಚೌಕಟ್ಟುಗಳು ಬೇರೆ ಯಾವ ಹೆಸರಿನ ಕಾರಿನಲ್ಲಿವೆ, ಎಷ್ಟು ಕಾಲದಿಂದ ರಸ್ತೆಯ ಮೇಲಿವೆ ಎಂದು ವಿಚಾರಿಸಿ ನೋಡಲಿ. ಹೊಸದೆಂದು ಹೇಳಿದುದರಲ್ಲಿ ಪರೀಕ್ಷೆಗೆ ನಿಂತು ಗೆದ್ದುದು ಎಷ್ಟು, ಬರಿಯ ಬಣ್ಣ ಎಷ್ಟು ಎಂಬುದು ಆಗ ತಿಳಿದೀತು.