ಪುಟ್ಟ ಗಣಕಯಂತ್ರದೊಳಗಣ ಕಡಲು

ಪುರಾಣದ ಅಗಸ್ತ್ಯನು ಕಡಲನ್ನೆಲ್ಲ ಅಂಗೈಯಲ್ಲಿ ಹಿಡಿದು ಆಪೋಶನ ಮಾಡಿದನೆಂಬ ಕಥೆಯು ಸರ್ವವಿದಿತವಾದುದು. ಕಡಲನ್ನು ಅಂಗೈಯಗಲಕ್ಕೆ ಇಳಿಸುವ ಅಂತಹುದೇ ಸಾಹಸವನ್ನು ಇಂದಿಗೂ ಕೆಲವರು ಸದ್ದಿಲ್ಲದೆ ನಡೆಸುತ್ತಿದ್ದಾರೆ. 1980ರ ದಶಕದ ಗೃಹಗಣಕಗಳಿಗಾಗಿ, ಅವುಗಳ ತಯಾರಿಕೆ ನಿಂತು ದಶಕಗಳೇ ಕಳೆದ ಮೇಲೂ, ಸಮುದ್ರಗರ್ಭದ ಶೋಧನೆಯನ್ನು ವಸ್ತುವಾಗುಳ್ಳ ಆಟಗಳನ್ನು ಮನೆಯಲ್ಲಿಯೇ ಕುಳಿತು ರಚಿಸುವ ಹವ್ಯಾಸಿಗಳು ಅವರು. ಖಾನಾವಳಿಯ ಊಟಕ್ಕೂ ಮನೆಯಡುಗೆಗೂ ಇರುವ ವ್ಯತ್ಯಾಸವೇ ಮಾರಾಟದ ಆಟಗಳಿಗೂ ಇವುಗಳಿಗೂ ಉಂಟು.

ಬ್ರಿಟನ್ನಿನ ಕೇಂಬ್ರಿಜ್ ನಗರದ ಸಿಂಕ್ಲೇರ್ ರಿಸರ್ಚ್ ಸಂಸ್ಥೆಯು 1982ರ ಏಪ್ರಿಲ್ ತಿಂಗಳಲ್ಲಿ ಸ್ಪೆಕ್ಟ್ರಮ್ ಎಂಬ ಗಣಕವನ್ನು ಹೊರತಂದಿತು. ರಬ್ಬರಿನ ಕೀಲಿಗಳು, ಪರದೆಯಾಗಿ ಮನೆಯ ಟೆಲಿವಿಷನ್ನು, ಗ್ರಂಥಭಂಡಾರವಾಗಿ ಟೇಪ್ ರೆಕಾರ್ಡರು—ಇಷ್ಟೇ ಅದರ ಸಂಸಾರ. ಅದೇ ವರ್ಷ ಅಮೆರಿಕದಲ್ಲಿ ಕಮಡೋರ್ 64 ಬಂದಿತು. ಈ ಪೀಳಿಗೆಯ ಯಂತ್ರಗಳು ಭಾರತದ ಶಾಲೆಗಳಿಗೂ ಅಪರಿಚಿತವಲ್ಲ. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಗಣಕವನ್ನು ಆಯ್ದ ಶಾಲೆಗಳಿಗೆ ಒದಗಿಸಲಾಗಿತ್ತು.

ಕಡಲಾಳದ ಆಟಕ್ಕೆ ಪೂರ್ವಪರಂಪರೆಯೂ ಇದೆ. ಇಂಗ್ಲೆಂಡಿನ ಟಾಂಟನ್ ಊರಿನ ಡ್ಯುರೆಲ್ ಸಂಸ್ಥೆಯು 1983ರಲ್ಲಿ ಪ್ರಕಟಿಸಿದ, ಮೈಕ್ ರಿಚರ್ಡ್‌ಸನ್ ರಚಿಸಿದ ‘ಸ್ಕೂಬಾ ಡೈವ್’ ಅದಕ್ಕೆ ನಿದರ್ಶನ. ದೋಣಿಯಿಂದ ನೀರಿಗಿಳಿದ ಮುಳುಗುಗಾರನು ಚಿಪ್ಪುಗಳೊಳಗಿನ ಮುತ್ತುಗಳನ್ನು ಆರಿಸಿ, ಆಮ್ಲಜನಕ ತೀರುವುದರೊಳಗೆ ದೋಣಿಗೆ ಮರಳಬೇಕು. ಕೆಳಗಣ ಗುಹೆಯ ಬಾಯಲ್ಲಿ ಅಷ್ಟಪದಿಯ ಕಾವಲು.

ಇಂದಿನ ಹವ್ಯಾಸಿಯು ಇಂತಹ ಕಡಲನ್ನು ಕಟ್ಟುವ ಬಗೆ ಹೇಗೆ? ಮೊದಲು ಸ್ಥಳದ ಲೆಕ್ಕ. ಸ್ಪೆಕ್ಟ್ರಮ್ಮಿನ ಪರದೆಯಲ್ಲಿ ಅಡ್ಡಲಾಗಿ 256, ಉದ್ದಕ್ಕೆ 192, ಒಟ್ಟು 49,152 ಬಿಂದುಗಳು. ಅದರ 48 ಕಿಲೋಬೈಟ್ ಸ್ಮೃತಿಯಲ್ಲಿರುವ ಬೈಟುಗಳೂ 49,152! ಒಂದು ಬೈಟಿನಲ್ಲಿ 8 ಬಿಂದುಗಳು ಅಡಗುವುದರಿಂದ ಚಿತ್ರಕ್ಕೆ 6,144 ಬೈಟುಗಳೂ ಬಣ್ಣಕ್ಕೆ 768 ಬೈಟುಗಳೂ ಸೇರಿ ಒಂದು ಪರದೆಗೆ 6,912 ಬೈಟುಗಳು ಬೇಕು. ಅಂದಮೇಲೆ, ಕಣ್ಣೆದುರಿನ ಪರದೆಯಲ್ಲದೆ ಇನ್ನು 6 ದೃಶ್ಯಗಳನ್ನು ಇದ್ದಂತೆಯೇ ತುಂಬಿದರೆ ಸ್ಮೃತಿಯು ಬಹುಮಟ್ಟಿಗೆ ಬರಿದು. ಆರು ದೃಶ್ಯಗಳದು ಕಡಲಲ್ಲ, ಕೊಳ. ಆದುದರಿಂದ ರಚನಕಾರನು ಬಂಡೆ, ಹವಳ, ಪಾಚಿ, ಮರಳು ಮುಂತಾದವುಗಳನ್ನು 16 ಬಿಂದುಗಳ ಚೌಕ ಬಿಲ್ಲೆಗಳಾಗಿ ಒಮ್ಮೆ ಮಾತ್ರ ಬರೆದಿಡುತ್ತಾನೆ. ಒಂದು ದೃಶ್ಯಕ್ಕೆ 192 ಬಿಲ್ಲೆಗಳು. ಎಲ್ಲಿ ಯಾವ ಬಿಲ್ಲೆ ಎಂಬ ಸಂಖ್ಯೆಯನ್ನಷ್ಟೇ ಒಂದೊಂದು ಬೈಟಿನಲ್ಲಿ ನಮೂದಿಸಿದರೆ 192 ಬೈಟುಗಳಲ್ಲಿ ದೃಶ್ಯವು ಮುಗಿಯಿತು. 100 ದೃಶ್ಯಗಳ ಕಡಲಿಗೆ 19,200 ಬೈಟುಗಳು ಸಾಕು. ಕಂದಪದ್ಯದ 4 ಪಾದಗಳಲ್ಲಿ 12, 20, 12, 20ರಂತೆ 64 ಮಾತ್ರೆಗಳೊಳಗೆ ಯುದ್ಧವನ್ನೂ ವಿರಹವನ್ನೂ ಅಡಗಿಸಿದ ಹಳಗನ್ನಡ ಕವಿಗಳಿಗೆ ಈ ಕೆಲಸವು ಅರ್ಥವಾಗುತ್ತಿತ್ತು. ಕಮಡೋರಿನ ಕಿಲೋಬೈಟುಗಳೂ 64 ಆಗಿರುವುದು ಕೇವಲ ಕಾಕತಾಳೀಯ.

ಬಣ್ಣದ ತೊಡಕು ಬೇರೆಯದು. ಸ್ಪೆಕ್ಟ್ರಮ್ಮಿನಲ್ಲಿ 8 ಬಿಂದುಗಳ ಪ್ರತಿಯೊಂದು ಚೌಕದಲ್ಲಿಯೂ ಎರಡೇ ಬಣ್ಣಗಳಿಗೆ ಅವಕಾಶ. ಹಳದಿ ಮೀನು ಹಸುರು ಪಾಚಿಯ ಮುಂದೆ ಹಾದರೆ ಪಾಚಿಯೂ ಕ್ಷಣಕಾಲ ಹಳದಿಯಾಗುತ್ತದೆ, ಇಲ್ಲವೆ ಮೀನೇ ಹಸುರಾಗುತ್ತದೆ. ಇಲ್ಲಿ ಕಡಲೇ ಕೈಹಿಡಿಯುತ್ತದೆ. ಆಳದಲ್ಲಿ ಬೆಳಕು ಕ್ಷೀಣವಾದುದರಿಂದ ಹಿನ್ನೆಲೆಯನ್ನೆಲ್ಲ ಕಪ್ಪಾಗಿ ಬಿಟ್ಟರೂ ನೋಡುವವನಿಗೆ ಅದು ಕೊರತೆಯೆನಿಸದು, ಸಹಜವೆನಿಸುತ್ತದೆ. ಕಮಡೋರಿನಲ್ಲಿ ಈ ಕಷ್ಟವು ಕಡಿಮೆ. ಹಿನ್ನೆಲೆಯನ್ನು ಕೆಡಿಸದೆ ಚಲಿಸಬಲ್ಲ ‘ಸ್ಪ್ರೈಟ್’ ಎಂಬ 8 ಬೊಂಬೆಗಳನ್ನು ಯಂತ್ರವೇ ಒದಗಿಸುತ್ತದೆ.

ನೀರಿನ ಗುಣವನ್ನು ತೋರಿಸುವುದು ಇದಕ್ಕಿಂತ ಸೂಕ್ಷ್ಮ. ನೆಲದ ಮೇಲೆ ಓಡುವವನು ಕೀಲಿ ಬಿಟ್ಟೊಡನೆ ನಿಲ್ಲಬಹುದು. ನೀರಿನಲ್ಲಿರುವವನು ತೇಲಿಕೊಂಡು ಮುಂದೆ ಸಾಗಿ ನಿಲ್ಲಬೇಕು. ಅದಕ್ಕಾಗಿ ಸೆಕೆಂಡಿಗೆ 50 ಬಾರಿ ಅವನ ವೇಗದ ಎಂಟನೆಯ ಒಂದು ಭಾಗವನ್ನು ಕಳೆಯುವುದುಂಟು. ಈ ಯಂತ್ರದ ಜ಼ಡ್ 80 ಸಂಸ್ಕಾರಕಕ್ಕೆ ಗುಣಾಕಾರ, ಭಾಗಾಕಾರಗಳ ಆಜ್ಞೆಗಳೇ ಇಲ್ಲ. ಆದರೆ ಸಂಖ್ಯೆಯ ಬಿಟ್ಟುಗಳನ್ನು ಬಲಕ್ಕೆ 3 ಸ್ಥಾನ ಸರಿಸಿದರೆ ಎಂಟರಿಂದ ಭಾಗಿಸಿದಂತೆಯೇ ಆಗುತ್ತದೆ. ಎಂಟನೆಯ ಭಾಗವನ್ನು ಆರಿಸಿಕೊಂಡುದರ ರಹಸ್ಯವಿದು!

ಆದರೂ ಇಂತಹ ಆಟದ ಪ್ರಾಣವಿರುವುದು ಉಸಿರಿನ ಪಟ್ಟಿಯಲ್ಲಿ. 1943ರಲ್ಲಿ ಕೂಸ್ಟೋ ಮತ್ತು ಗಾನ್ಯಾನ್ ರೂಪಿಸಿದ ಆಕ್ವಾಲಂಗ್ ಸಾಧನವು ಸುತ್ತಣ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿಯನ್ನು ಕೊಡುತ್ತದೆ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಎರಡು ಪಟ್ಟು, 30 ಮೀಟರಿನಲ್ಲಿ ನಾಲ್ಕು ಪಟ್ಟು. ಅದೇ ಸಿಲಿಂಡರು ಅಲ್ಲಿ ಕಾಲುಭಾಗ ಸಮಯಕ್ಕೆ ಮುಗಿಯುತ್ತದೆ. ಪಟ್ಟಿಯು ಎಲ್ಲ ಆಳದಲ್ಲಿಯೂ ಒಂದೇ ಸಮನೆ ಕುಗ್ಗುವ ಆಟವು ಸುಲಭ, ಆದರೆ ಸಪ್ಪೆ. ಆಳಕ್ಕೆ ತಕ್ಕಂತೆ ಅದು ಬೇಗ ಕುಗ್ಗುವಂತೆ ಬರೆದರೆ ಮಾತ್ರ ಇನ್ನೊಂದು ಗುಹೆಯನ್ನು ನೋಡುವ ಆಸೆಗೂ ಹಿಂದಿರುಗುವ ದಾರಿಗೂ ನಡುವೆ ನಿಜವಾದ ಜಗ್ಗಾಟ ಹುಟ್ಟುತ್ತದೆ. ರಚನಕಾರನಿಗೆ ಬೈಟುಗಳೂ ಆಟಗಾರನಿಗೆ ಗಾಳಿಯೂ ಎಣಿಕೆಯ ಸೊತ್ತುಗಳಾಗುವುದು ಇಲ್ಲಿಯೇ.

ಇಂದು ಇವುಗಳನ್ನು ಆಡುವವರಲ್ಲಿ ಅನೇಕರು ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರನ್ನು ಆಶ್ರಯಿಸುತ್ತಾರೆ. ಆದರೂ ಮೂಲಯಂತ್ರದಲ್ಲಿ ಪರೀಕ್ಷಿಸದ ಹೊರತು ತೃಪ್ತರಾಗದ ರಚನಕಾರರು ಇದ್ದಾರೆ. ಅವರು ಆಟವನ್ನು ಕ್ಯಾಸೆಟ್ಟಿಗೆ ಮುದ್ರಿಸಿ, ಹಳೆಯ ಸ್ಪೆಕ್ಟ್ರಮ್ಮಿಗೆ ಟೇಪ್ ರೆಕಾರ್ಡರನ್ನು ಜೋಡಿಸಿ, ಕೀರಲು ದನಿಯನ್ನು ಕೇಳುತ್ತ, ಪರದೆಯ ಅಂಚಿನಲ್ಲಿ ಹರಿಯುವ ಬಣ್ಣದ ಪಟ್ಟೆಗಳನ್ನು ನೋಡುತ್ತ ಸುಮಾರು 5 ನಿಮಿಷ ಕಾಯುತ್ತಾರೆ. ನಡುವೆ ಟೇಪು ಒಂದಿಷ್ಟು ತೊದಲಿದರೂ ದೋಷಸೂಚನೆಯೊಂದು ಮೂಡುತ್ತದೆ. ಆಗ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ ತೊಡಗಬೇಕು.